ಹುಚ್ಚಾಸ್ಪತ್ರೆಯಿಂದ ಹಾಲಿನ ಡೇರಿವರೆಗೆ

ಬೆಂಗಳೂರಿನ ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ಕಾಯುತ್ತ ನಿಲ್ಲುವ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ, ನಿಮ್ಹಾನ್ಸ್‌ನ ಕತೆ ಶುರುವಾಗಿದ್ದು ಹೊಸೂರು ರಸ್ತೆಯಲ್ಲಲ್ಲ, ಈ ಪೇಟೆಯ ಮಗ್ಗುಲಲ್ಲೇ ಅಂತ. 1847ರ ಹೊತ್ತಿಗೆ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಸರ್ಜನ್ ಬೆಂಗಳೂರಿನಲ್ಲಿ ಒಂದು 'ಲೂನಟಿಕ್ ಅಸೈಲಂ' ತೆರೆದ. ಜನ ಅದನ್ನು ಹುಚ್ಚಾಸ್ಪತ್ರೆ ಅಂದರು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮೆಂಟಲ್ ಹಾಸ್ಪಿಟಲ್ ಅಂತ ಹೆಸರಿಟ್ಟಿತು. 1930ರ ದಶಕದಲ್ಲಿ ಆಸ್ಪತ್ರೆ ಪೇಟೆಯ ಗದ್ದಲ ಬಿಟ್ಟು ಈಗಿರುವ ಜಾಗಕ್ಕೆ ಹೋಯಿತು. 1954ರಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರ ಡಿಸೆಂಬರಿನಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಇಷ್ಟು ಸಲ ಬದಲಾದರೂ ಬೈಗುಳ ಹಾಗೇ ಉಳಿಯಿತು. ಆಫೀಸಿನಲ್ಲಿ ಯಾರಾದರೂ ಒಂಚೂರು ವಿಚಿತ್ರವಾಗಿ ಮಾತಾಡಿದರೆ 'ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು' ಅನ್ನೋದು ನಮ್ಮ ಕಾಲದ ಹುಚ್ಚಾಸ್ಪತ್ರೆ ಜೋಕು.

ಇಷ್ಟು ಇತಿಹಾಸ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನನಗೆ ಬೇಕಾಗಿದ್ದು ಬೇರೆ. ಈ ಗೋಡೆಗಳ ಒಳಗೆ ಇದ್ದವರು ಬೆಳಗ್ಗೆ ಎದ್ದು ಏನು ಮಾಡುತ್ತಿದ್ದರು? ಅವರಿಗೆ ಸ್ನಾನ ಯಾರು ಮಾಡಿಸುತ್ತಿದ್ದರು? ತಟ್ಟೆ ಯಾರು ತೊಳೆಯುತ್ತಿದ್ದರು? ವಾಪಸ್ ಊರಿಗೆ ಬಂದ ಮೇಲೆ ಅದೇ ಕೈ ಮನೆಯ ತಟ್ಟೆಯನ್ನು ತೊಳೆಯಿತೇ? ತೀವ್ರ ಮಾನಸಿಕ ಕಾಯಿಲೆಯ ಇತಿಹಾಸ ಅಂದರೆ ನಾವು ಸರಪಳಿ, ಕರೆಂಟ್ ಶಾಕ್, ಮಾತ್ರೆ ಅಂತ ಓದುತ್ತೇವೆ. ಚೊಂಬು, ಸೋಪು, ಚಿಲ್ಲರೆ ಕಾಸಿನ ಇತಿಹಾಸ ಅಷ್ಟಾಗಿ ಯಾರೂ ಬರೆದಿಲ್ಲ. ಆದರೆ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇರುವ ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಬದುಕುತ್ತಾನೋ ಇಲ್ಲವೋ ಅನ್ನೋದು ಕೊನೆಗೆ ನಿಲ್ಲುವುದು ಅಲ್ಲೇ.

ಕೆಲಸದಿಂದ ಮನಸ್ಸು ಸರಿಯಾಗುತ್ತದೆ ಅನ್ನುವ ನಂಬಿಕೆ ಹಳೆಯದು. 1796ರಲ್ಲಿ ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ ವಿಲಿಯಂ ಟ್ಯೂಕ್ ಮತ್ತವನ ಕ್ವೇಕರ್ ಪಂಥದವರು 'ರಿಟ್ರೀಟ್' ಅಂತ ಒಂದು ಮನೆ ತೆರೆದರು. ಹೊಡೆತ, ಬಂಧನದ ಬದಲು ತೋಟದ ಕೆಲಸ, ಹೊಲಿಗೆ, ಒಟ್ಟಿಗೆ ಕೂತು ಚಹಾ. ಆ ವಿಚಾರ ಹಡಗು ಹತ್ತಿ ನಮ್ಮ ಕಡೆಗೆ ಬರುವ ಹೊತ್ತಿಗೆ ಸ್ವಲ್ಪ ಬೇರೆ ಆಗಿತ್ತು. ಬ್ರಿಟಿಷ್ ಇಂಡಿಯಾದ ಅಸೈಲಂಗಳಲ್ಲೂ ತೋಟ, ನೇಯ್ಗೆ, ಹಗ್ಗ ಹೊಸೆಯೋದು, ಕಾಳು ಬೀಸೋದು ಎಲ್ಲ ಇತ್ತು. ಜೊತೆಗೆ ವರ್ಷದ ವರದಿಯಲ್ಲಿ ರೋಗಿಗಳ ದುಡಿಮೆಯಿಂದ ಎಷ್ಟು ಹಣ ಬಂತು ಅನ್ನುವ ಲೆಕ್ಕವೂ ಇರುತ್ತಿತ್ತು. ಚೆನ್ನಾಗಿ ಬಟ್ಟೆ ನೇಯುವವನು ಮನೆಗೆ ಹೋದರೆ ಆಸ್ಪತ್ರೆಗೇ ನಷ್ಟ ಅನ್ನುವ ಪರಿಸ್ಥಿತಿ. ಇದು ಚಿಕಿತ್ಸೆಯೋ ಬಿಟ್ಟಿ ಚಾಕರಿಯೋ ಅಂತ ಕೇಳಿದರೆ, ಎರಡೂ ಅಂತಲೇ ಹೇಳಬೇಕು. ಸುಮ್ಮನೆ ಮೂಲೆಯಲ್ಲಿ ಕೂರುವುದಕ್ಕಿಂತ ಹಗ್ಗ ಹೊಸೆಯುವುದು ಮೇಲು. ಆದರೆ ಹೊಸೆದ ಹಗ್ಗ ಅವನದ್ದಲ್ಲ.

20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಅಡಾಲ್ಫ್ ಮೇಯರ್ ಎಂಬ ಮನೋವೈದ್ಯ ಮತ್ತು ಎಲೀನರ್ ಕ್ಲಾರ್ಕ್ ಸ್ಲೇಗಲ್ ಎಂಬ ಹೆಂಗಸು ಇದನ್ನು ಬೇರೆ ರೀತಿ ನೋಡಿದರು. ಕಾಯಿಲೆ ಹಾಳು ಮಾಡೋದು ದಿನಚರಿಯನ್ನು, ಹಾಗಾಗಿ ರಿಪೇರಿ ಆಗಬೇಕಾದ್ದೂ ದಿನಚರಿಯೇ ಅನ್ನೋದು ಅವರ ವಾದ. ಸ್ಲೇಗಲ್ ಅತಿ ಹೆಚ್ಚು ಕುಸಿದುಹೋದ ರೋಗಿಗಳಿಗೆ ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಗಂಟೆ ಗಂಟೆಗೂ ಕೆಲಸ ಹಾಕಿಕೊಟ್ಟಳು. ಮುಖ ತೊಳೆಯೋದು, ಊಟ, ನಡಿಗೆ, ಸಣ್ಣ ಕೆಲಸ, ಆಟ. ಅದಕ್ಕೆ 'ಅಭ್ಯಾಸ ತರಬೇತಿ' ಅಂತ ಹೆಸರು. ಆಕ್ಯುಪೇಷನಲ್ ಥೆರಪಿ ಅಂತ ಇವತ್ತು ಒಂದು ವೃತ್ತಿ ಇದೆಯಲ್ಲ, ಅದರ ಬೇರುಗಳಲ್ಲಿ ಇದೂ ಒಂದು. ಭಾರತದಲ್ಲಿ ಅದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬೈಯಲ್ಲಿ ಕಮಲಾ ನಿಂಬಕರ್ ಶುರು ಮಾಡಿದರು.

ಮುಂದೆ 1960ರ ದಶಕದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಆಸ್ಪತ್ರೆಯಲ್ಲಿ ಆಯ್ಲಾನ್ ಮತ್ತು ಅಜ್ರಿನ್ ಟೋಕನ್ ಪದ್ಧತಿ ತಂದರು. ಹಲ್ಲುಜ್ಜಿದರೆ ಒಂದು ಟೋಕನ್, ಹಾಸಿಗೆ ಮಡಚಿದರೆ ಒಂದು. ಟೋಕನ್ ಕೊಟ್ಟು ಬೇಕಾದ್ದು ಕೊಳ್ಳಬಹುದು. ಈಗ ನಿಮ್ಮ ಫಿಟ್‌ನೆಸ್ ಆ್ಯಪು ಹತ್ತು ಸಾವಿರ ಹೆಜ್ಜೆಗೆ ಬ್ಯಾಡ್ಜ್ ಕೊಡುತ್ತಲ್ಲ, ಹಾಗೇ. ವಾರ್ಡಿನ ಒಳಗೆ ಅದು ಕೆಲಸ ಮಾಡಿತು. ವಾರ್ಡಿನ ಹೊರಗೆ ಯಾರೂ ಟೋಕನ್ ಕೊಡುವುದಿಲ್ಲ ಅನ್ನೋದು ತೊಂದರೆ. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಮೂರು ಆಸ್ಪತ್ರೆಗಳಲ್ಲಿ ಬಹುಕಾಲ ಇದ್ದ ಸ್ಕಿಜೋಫ್ರೇನಿಯಾ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 1970ರಲ್ಲಿ ಪುಸ್ತಕ ಬರೆದರು. ಮಾತು ಕಮ್ಮಿಯಾಗೋದು, ಮುಖ ಕಲ್ಲಾಗೋದು, ಯಾವುದರಲ್ಲೂ ಆಸಕ್ತಿ ಇಲ್ಲದಿರೋದು, ಇದಕ್ಕೆಲ್ಲ ಬಲವಾಗಿ ತಳುಕು ಹಾಕಿಕೊಂಡಿದ್ದು ಒಂದೇ ಸಂಗತಿ: ದಿನದಲ್ಲಿ ಎಷ್ಟು ಹೊತ್ತು ಆ ಮನುಷ್ಯ ಏನೂ ಮಾಡದೆ ಕೂತಿರುತ್ತಿದ್ದ ಅನ್ನೋದು.

ಇಲ್ಲಿ ಒಂದು ಮಾತು ನೆನಪಿಡಬೇಕು. 1950ರ ದಶಕದ ಮಧ್ಯದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 1.5 ಲಕ್ಷ ಜನ ಇದ್ದರು. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ದೇಶವಾದ ಭಾರತದ ಎಲ್ಲ ಮಾನಸಿಕ ಆಸ್ಪತ್ರೆಗಳ ಹಾಸಿಗೆ ಲೆಕ್ಕ ಹಾಕಿದರೂ 20 ಸಾವಿರ ದಾಟುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಧಾರವಾಡ. ಅಂದರೆ ನಮ್ಮಲ್ಲಿ ಕಾಯಿಲೆ ಬಿದ್ದವರಲ್ಲಿ ಬಹುಪಾಲು ಜನ ಅಸೈಲಂ ನೋಡಿದ್ದೇ ಇಲ್ಲ. ಅವರು ಇದ್ದದ್ದು ಮನೆಯಲ್ಲಿ, ಜಗಲಿಯಲ್ಲಿ, ಹಿತ್ತಲ ಕೋಣೆಯಲ್ಲಿ, ಕೆಲವರು ದೇವಸ್ಥಾನದ ಅಂಗಳದಲ್ಲಿ. ಅಲ್ಲಿನವರ ಸಮಸ್ಯೆ ಆಸ್ಪತ್ರೆ ಬಿಡಿಸೋದು, ನಮ್ಮದು ಮನೆಯೊಳಗೇ ಆಸ್ಪತ್ರೆ ಆಗದಂತೆ ನೋಡೋದು.

ಇದನ್ನು ಬೇಗ ಗುರುತಿಸಿದವರಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಒಬ್ಬರು. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ನೋಡ್ತಾ ನೋಡ್ತಾ ಕಲಿತರು. ವೆಲ್ಲೂರಿನಲ್ಲಿ, ಆಮೇಲೆ ಬೆಂಗಳೂರಿನಲ್ಲೂ ಕುಟುಂಬ ಜೊತೆಗೇ ಇರುವ ವಾರ್ಡುಗಳು ಬಂದವು. 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್‌ನವರು ಆನೇಕಲ್ ಕಡೆಯ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ಮಾನಸಿಕ ಕಾಯಿಲೆಯ ಪಾಠ ಹೇಳಲು ಶುರು ಮಾಡಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿ ನೋಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ನಾವು ಹೆಮ್ಮೆ ಪಡಬಹುದಾದ ಇತಿಹಾಸ ಇದು. ಅದ್ಯಾಕೋ ಯಾವ ರಾಜ್ಯೋತ್ಸವ ಭಾಷಣದಲ್ಲೂ ಕೇಳಿಸುವುದಿಲ್ಲ.

ಆದರೆ ಹಳ್ಳಿಗೆ ತಲುಪಿದ್ದು ಹೆಚ್ಚಾಗಿ ಮಾತ್ರೆ. ಮಾತ್ರೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಿವಿಯಲ್ಲಿ ಕೇಳುವ ದನಿಗಳು, ಯಾರೋ ವಿಷ ಹಾಕುತ್ತಿದ್ದಾರೆ ಅನ್ನುವ ಭಯ ಮಾತ್ರೆಯಿಂದ ಇಳಿಯುತ್ತವೆ. ಇಳಿಯದೆ ಉಳಿಯೋದು ಇನ್ನೊಂದು ಕಂತೆ. ಏಳಲು ಮನಸ್ಸಿಲ್ಲ, ಒಂದು ಕೆಲಸ ಶುರು ಮಾಡಿದರೆ ಮುಂದಿನ ಹೆಜ್ಜೆ ಏನು ಅಂತ ಹೊಳೆಯೋದಿಲ್ಲ, ಗಮನ ನಿಲ್ಲೋದಿಲ್ಲ. ನೋಡುವವರಿಗೆ ಅದು ಸೋಮಾರಿತನ. 'ಮೂರು ಹೊತ್ತು ಉಣ್ಣಕ್ ಗೊತ್ತು, ಕೆಲ್ಸ ಮಾಡಕ್ ಗೊತ್ತಿಲ್ವ?' ಅನ್ನುವ ಮಾತು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ.

ತ್ರಿವೇಣಿಯವರ 'ಶರಪಂಜರ' ಇನ್ನೊಂದು ಬದಿ ತೋರಿಸುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ ಮೇಲೆ ಕಾವೇರಿಯ ಕತೆ ಗೊತ್ತಿಲ್ಲದ ಕನ್ನಡದ ಮನೆ ಇರಲಿಲ್ಲ. ಹೆರಿಗೆಯ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ವಾಪಸ್ ಬಂದವಳು. ಅವಳು ಗುಣವಾಗಿದ್ದಾಳೆ ಅಂತ ನಂಬಲು ಮಾತ್ರ ಯಾರೂ ತಯಾರಿಲ್ಲ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರಿಗೆ ಗೊತ್ತಿತ್ತು, ವಾಪಸ್ ಬಂದವರಿಗೆ ಮನೆಯಲ್ಲಿ ಜಾಗ ಬೇಕು, ಜಾಗ ಅಂದರೆ ಚಾಪೆ ಹಾಸುವಷ್ಟು ನೆಲ ಮಾತ್ರ ಅಲ್ಲ ಅಂತ. ಒಬ್ಬ ಮನುಷ್ಯ ಅಡುಗೆ ಮರೆತಿರಬಹುದು, ಅಥವಾ ಅವನ ಕೈಗೆ ಯಾರೂ ಚಾಕು ಕೊಡದೇ ಇರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಈಗ ಗುಂಡ್ಲುಪೇಟೆ ಕಡೆಗೆ ಹೋಗೋಣ. ಊಟಿಗೋ ವಯನಾಡಿಗೋ ಹೋಗುವಾಗ ಸೂರ್ಯಕಾಂತಿ, ಚೆಂಡು ಹೂವಿನ ಹೊಲ ಕಂಡ ಕೂಡಲೇ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತೀರಲ್ಲ, ಅದೇ ಸೀಮೆ. ಆ ತಾಲ್ಲೂಕಿನ ಭೀಮನಬೀಡಿನಲ್ಲಿ ನನ್ನ ದೊಡ್ಡಮ್ಮನ ಮನೆ. ಅವಳ ಮಗ, ನನಗೆ ಅಣ್ಣನಾಗಬೇಕು, 20 ವರ್ಷಕ್ಕೂ ಮೇಲಿಂದ ಸ್ಕಿಜೋಫ್ರೇನಿಯಾ ಇದೆ. ಮಾತ್ರೆ ನಡೆಯುತ್ತಿದೆ, ಗಲಾಟೆ ಇಲ್ಲ. ದಿನವೆಲ್ಲ ಜಗಲಿ ಮೇಲೆ ಕೂರುತ್ತಿದ್ದ. ದೊಡ್ಡಮ್ಮನೇ ನೀರು ಕಾಯಿಸಿ, ಬಟ್ಟೆ ತೆಗೆದಿಟ್ಟು, ಬೆನ್ನು ಉಜ್ಜಿ, ಮುದ್ದೆ ಮುರಿದು ಸಾರಿಗದ್ದಿ ಇಡುತ್ತಿದ್ದಳು. ಅವಳಿಗೆ 70 ದಾಟಿದೆ.

"ನಾನೇ ಮಾಡ್ಬುಟ್ರೆ ಜಲ್ದಿ ಆಯ್ತದೆ ಮಗ" ಅನ್ನುತ್ತಿದ್ದಳು. ಆಮೇಲೆ ದನಿ ತಗ್ಗಿಸಿ, "ನಾನಿರೋಗಂಟ ಸರಿ. ಆಮ್ಯಾಕೆ?"

ಆ ಪ್ರಶ್ನೆ ದೊಡ್ಡಮ್ಮ ಒಬ್ಬಳದಲ್ಲ. ಇಂಥ ಮಕ್ಕಳಿರುವ ಯಾವ ತಂದೆ ತಾಯಿಯನ್ನು ಮಾತಾಡಿಸಿದರೂ ಹತ್ತು ನಿಮಿಷದೊಳಗೆ ಅದು ಬರುತ್ತದೆ. ನಮ್ಮ ದೇಶದ ವ್ಯವಸ್ಥೆ ನಿಂತಿರೋದೇ ಇಂಥ ತಾಯಂದಿರ ಸೊಂಟದ ಮೇಲೆ. ಸೊಂಟ ಹೋದ ದಿನ ಮಗ ರಾತ್ರೋರಾತ್ರಿ 'ಏನೂ ಬಾರದವನು' ಆಗಿಬಿಡುತ್ತಾನೆ.

ತಾಲ್ಲೂಕಿಗೆ ಬರುವ ಮಾನಸಿಕ ಆರೋಗ್ಯ ತಂಡದ ನರ್ಸ್ ಒಬ್ಬರು ಒಂದು ದಿನ ದೊಡ್ಡಮ್ಮನ ಹತ್ತಿರ ಕೂತು ಹೇಳಿದ್ದು ಇಷ್ಟೇ: "ಅವ್ವ, ಎಲ್ಲಾನೂ ಒಟ್ಟಿಗೆ ಕಲಿಸೋಕೆ ಹೋಗ್ಬೇಡಿ. ಒಂದು ಕೆಲಸ ಹೇಳಿ, ದಿನಾ ನಡಿಯೋದು, ಅದಿಲ್ಲ ಅಂದ್ರೆ ಮನೆ ನಿಂತೋಗೋದು." ದೊಡ್ಡಮ್ಮ ಯೋಚಿಸಿ ಹೇಳಿದಳು, ಡೇರಿಗೆ ಹಾಲು ಹಾಕೋದು.

ಡೇರಿಗೆ ಹಾಲು ಹಾಕೋದು ನಮಗೆ ಒಂದು ಕೆಲಸ. ನರ್ಸ್ ಅದನ್ನು ಬಿಡಿಸಿ ಬಿಡಿಸಿ ಇಟ್ಟರು. ಕ್ಯಾನು ತೊಳೆಯೋದು, ಹಾಲು ಸುರಿದು ಮುಚ್ಚೋದು, ಪಾಸ್‌ಬುಕ್ಕು ಜೇಬಿಗೆ ಹಾಕೋದು, ಹೊತ್ತಿಗೆ ಸರಿಯಾಗಿ ಹೊರಡೋದು, ಸಾಲಿನಲ್ಲಿ ನಿಲ್ಲೋದು, ತನ್ನ ಸರದಿ ಬಂದಾಗ ಕ್ಯಾನು ಕೊಡೋದು, ಬರೆಸೋದು, ಬರೆದದ್ದು ನೋಡೋದು, ಖಾಲಿ ಕ್ಯಾನು ಮನೆಗೆ ತರೋದು. ಕಲಿಸಲು ಶುರು ಮಾಡಿದ್ದು ಕೊನೆಯಿಂದ. ಮೊದಲ ವಾರ ಎಲ್ಲ ದೊಡ್ಡಮ್ಮನೇ ಮಾಡಿದಳು, ಅಣ್ಣ ಜೊತೆಗೆ ಹೋಗಿ ಖಾಲಿ ಕ್ಯಾನು ಹಿಡಿದುಕೊಂಡು ಬಂದ, ಅಷ್ಟೇ. ಕೆಲಸ ಮುಗಿಸಿದ ಸಮಾಧಾನ ಮೊದಲ ದಿನವೇ ಅವನಿಗೆ ಸಿಕ್ಕಿತು. ಆಮೇಲೆ ಪಾಸ್‌ಬುಕ್ಕು ಕೊಡೋದು, ಆಮೇಲೆ ಸಾಲು. ಮುಂದಿನ ಹೆಜ್ಜೆ ಮರೆತು ನಿಂತರೆ ಮೊದಲು ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು, ಆಮೇಲೆ ಕಣ್ಣಲ್ಲಿ ತೋರಿಸಬೇಕು, ಆಮೇಲೆ ಮಾತು, ಕೈ ಹಿಡಿದು ಮಾಡಿಸೋದು ಎಲ್ಲಕ್ಕಿಂತ ಕೊನೆಗೆ. ದೊಡ್ಡಮ್ಮನಿಗೆ ತೀರಾ ಕಷ್ಟವಾದದ್ದು ಆ ಹತ್ತು ಎಣಿಸೋದು. ಡೇರಿ ಸೆಕ್ರೆಟರಿಗೆ ಅವಳೇ ಮೊದಲು ಹೇಳಿಟ್ಟಿದ್ದಳು. ಸಾಲಿನಲ್ಲಿ ನಿಂತ ಹುಡುಗರು ಎರಡು ದಿನ ಕಿಚಾಯಿಸಿದರು, ಮೂರನೇ ದಿನ ಬೇಜಾರಾಗಿ ಬಿಟ್ಟರು. ಮೂರು ತಿಂಗಳ ಹೊತ್ತಿಗೆ ಬೆಳಗಿನ ಹಾಲು ಅವನೊಬ್ಬನೇ ಹಾಕಿ ಬರುತ್ತಿದ್ದ. ಸಂಜೆಯ ಹಾಲು ಇವತ್ತಿಗೂ ದೊಡ್ಡಮ್ಮನದೇ, ಸಂಜೆಗೆ ಅವನಿಗೆ ಆಗುವುದಿಲ್ಲ.

ಇದೇ ಕೆಲಸವನ್ನು ಒಂದು ಕ್ಲಾಸ್‌ರೂಮಿನಲ್ಲಿ ಕಲಿಸಲು ಆಗುತ್ತಿತ್ತೇ? 2012ರಲ್ಲಿ ಕೊಕ್ರೇನ್ ಸಂಸ್ಥೆಯ ಒಂದು ಪರಾಮರ್ಶೆ ಬಂತು, ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಜೀವನ ಕೌಶಲ ಕಲಿಸುವ ಕಾರ್ಯಕ್ರಮಗಳ ಬಗ್ಗೆ. ಜಗತ್ತಿನಾದ್ಯಂತ ಹುಡುಕಿ ಅವರಿಗೆ ಸಿಕ್ಕಿದ್ದು 7 ಪ್ರಯೋಗ, ಒಟ್ಟು 483 ಜನ. ಫಲಿತಾಂಶದಲ್ಲಿ ಗಟ್ಟಿ ವ್ಯತ್ಯಾಸ ಯಾವುದೂ ಕಾಣಲಿಲ್ಲ. ಓದಿದಾಗ ಕೌಶಲ ಕಲಿಸೋದೇ ದಂಡ ಅನ್ನಿಸಬಹುದು. ನನ್ನ ತೀರ್ಮಾನ ಬೇರೆ. ಚಾರ್ಟು ಹಾಕಿ 'ಬಜೆಟ್ ಮಾಡುವುದು ಹೇಗೆ' ಅಂತ ಪಾಠ ಹೇಳಿದರೆ ಕಾಯಿಲೆ ಇಲ್ಲದ ನಮಗೇ ಹತ್ತುವುದಿಲ್ಲ. ಕಲಿತದ್ದು ಉಳಿಯಬೇಕಾದರೆ ಅದಕ್ಕೆ ಕಾದುಕೊಂಡಿರುವ ಒಂದು ಜಾಗ ಬೇಕು, ಬೆಳಗ್ಗೆ ಆರೂವರೆಗೆ ತೆರೆಯುವ ಡೇರಿ ಥರ.

ಇದಕ್ಕೆ ಪಕ್ಕದ ರಾಜ್ಯದಿಂದ ಒಂದು ಸಾಕ್ಷಿ ಇದೆ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಜೊತೆಗಾರರು 2000ರಲ್ಲಿ ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ದೇವಸ್ಥಾನಕ್ಕೆ ಬಂದು ಉಳಿದ 31 ಜನರನ್ನು ನೋಡಿದರು. ಹೆಚ್ಚಿನವರಿಗೆ ತೀವ್ರ ಕಾಯಿಲೆ. ಅಲ್ಲಿ ಮಂತ್ರ, ಭೂತ ಬಿಡಿಸೋದು ಅಂತ ವಿಶೇಷ ಏನೂ ಇರಲಿಲ್ಲ. ಜೊತೆಗೆ ಮನೆಯವರೊಬ್ಬರು ಇರುತ್ತಿದ್ದರು. ಬೆಳಗ್ಗೆ ಪೂಜೆ, ಆಮೇಲೆ ಅಂಗಳ ಗುಡಿಸೋದು, ಗಿಡಕ್ಕೆ ನೀರು ಹಾಕೋದು. ಸರಾಸರಿ ಆರು ವಾರದಲ್ಲಿ ಲಕ್ಷಣಗಳ ಅಂಕಿ ಸುಮಾರು ಶೇ. 20ರಷ್ಟು ಇಳಿಯಿತು, ಹೊಸ ಮಾತ್ರೆಯೊಂದು ಕೊಡುವಷ್ಟೇ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಇದು ಪ್ರಕಟವಾಯಿತು. ದೇವಸ್ಥಾನಗಳೇ ಸಾಕು ಅಂತ ವಾಟ್ಸಾಪಿನಲ್ಲಿ ಹಂಚುವ ಮೊದಲು ಇನ್ನೊಂದು ತಾರೀಕೂ ನೆನಪಿಟ್ಟುಕೊಳ್ಳಿ: 2001ರ ಆಗಸ್ಟ್ 6. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದವರನ್ನು ಇಟ್ಟುಕೊಳ್ಳುತ್ತಿದ್ದ ಖಾಸಗಿ ಶೆಡ್ ಒಂದಕ್ಕೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದರಿಂದ ಓಡಲಾಗದೆ 25ಕ್ಕೂ ಹೆಚ್ಚು ಜನ ಸತ್ತರು. ಒಂದು ಕಡೆ ಕೈಗೆ ಪೊರಕೆ, ಇನ್ನೊಂದು ಕಡೆ ಕಾಲಿಗೆ ಸರಪಳಿ.

ನಮ್ಮಲ್ಲೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ಜಗದೀಶ ತೀರ್ಥಹಳ್ಳಿ ಮತ್ತವರ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಮನೆ ಮನೆಗೆ ಹೋಗಿ ಹುಡುಕಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿತು. ಚಿಕಿತ್ಸೆ ಪಡೆದವರ ಅಂಗವೈಕಲ್ಯ ಕಮ್ಮಿಯಾಯಿತು, ಪಡೆಯದವರದು ಹಾಗೇ ಉಳಿಯಿತು. ಕೆಲವು ವರ್ಷ ಬಿಟ್ಟು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಜನ ಏನಾದರೊಂದು ಕೆಲಸ ಮಾಡುತ್ತಿದ್ದರು. ಮುಂದುವರಿದ ದೇಶಗಳಲ್ಲಿ ಈ ಅಂಕಿ ಬಹಳ ಕೆಳಗಿದೆ. ಕಾರಣ ಮಲೆನಾಡಿನ ಗಾಳಿ ಅಲ್ಲ. ಅಡಿಕೆ ಸುಲಿಯಲು ರೆಸ್ಯೂಮೆ ಬೇಡ, ಇವತ್ತು ಅರ್ಧ ದಿನ ಬಂದು ನಾಳೆ ಬರದಿದ್ದರೂ ಯಾರೂ ವಾರ್ನಿಂಗ್ ಲೆಟರ್ ಕೊಡುವುದಿಲ್ಲ.

2014ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಇನ್ನೊಂದು ಪ್ರಯೋಗ ಗೋವಾ, ಸತಾರಾ ಮತ್ತು ತಮಿಳುನಾಡಿನಲ್ಲಿ ನಡೆದದ್ದು, 282 ಜನರ ಮೇಲೆ. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು, ಅಂದರೆ ಡಾಕ್ಟರುಗಳಲ್ಲ, ಮನೆಗೆ ಹೋಗಿ ಕೆಲಸ ಮಾಡಿದರು. ಲಾಭ ಸಣ್ಣದು, ಆದರೆ ನಿಜವಾದದ್ದು. ಹೆಚ್ಚು ಲಾಭ ಕಂಡಿದ್ದು ತಮಿಳುನಾಡಿನ ಹಳ್ಳಿಗಳಲ್ಲಿ.

ಹಾಗಂತ ಹಳ್ಳಿಯನ್ನು ಹೊಗಳಿ ಅಟ್ಟಕ್ಕೇರಿಸೋದು ಬೇಡ. ಮನೆಯೇ ಇಲ್ಲದವರಿಗೆ, ಮನೆ ಬೇಡ ಅಂದವರಿಗೆ ನಗರದಲ್ಲಿ ಬೇರೆ ದಾರಿ ಹುಡುಕಿದವರಿದ್ದಾರೆ. ಬೆಂಗಳೂರಿನ ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ ದೇಶದ ಮೊದಮೊದಲ ಹಾಫ್‌ವೇ ಹೋಮ್‌ಗಳಲ್ಲಿ ಒಂದನ್ನು ನಡೆಸಿತು. 1980ರ ದಶಕದಲ್ಲಿ ರಿಚ್ಮಂಡ್ ಫೆಲೋಶಿಪ್ ಬಂತು. ಅಲ್ಲಿ ನಿವಾಸಿಗಳೇ ತರಕಾರಿ ತಂದು, ಹೆಚ್ಚಿ, ಪಾಳಿಯ ಮೇಲೆ ಬಡಿಸುತ್ತಾರೆ. ನಿಮ್ಹಾನ್ಸ್‌ನ ಬೇಕರಿಯಲ್ಲಿ ರೋಗಿಗಳು ಬ್ರೆಡ್ಡು ಮಾಡುತ್ತಾರೆ. ಆದರೆ ಇವೆಲ್ಲ ಇರೋದು ದೊಡ್ಡ ಊರಿನಲ್ಲಿ. ಗುಂಡ್ಲುಪೇಟೆಯಿಂದ ಮೈಸೂರಿಗೇ 60 ಕಿಲೋಮೀಟರು. ಅಲ್ಲದೆ ಬೆಂಗಳೂರಿನ ಗ್ಯಾಸ್ ಒಲೆಯ ಮೇಲೆ ಅನ್ನ ಮಾಡಲು ಕಲಿತವನು ಭೀಮನಬೀಡಿಗೆ ಬಂದು ಸೌದೆ ಒಲೆಯ ಮುಂದೆ ಕೂತರೆ ಮತ್ತೆ ಒಂದನೇ ಕ್ಲಾಸು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. 'ದಿನನಿತ್ಯದ ಕೌಶಲ' ಅನ್ನುವ ಅಳತೆಗೋಲು ಗಂಡಸಿಗೆ ಒಂದು, ಹೆಂಗಸಿಗೆ ಒಂದು. ಅನ್ನ ಬೇಯಿಸಲು ಬಾರದ ಗಂಡಸು ನಮ್ಮ ಸಮಾಜದಲ್ಲಿ ರೋಗಿಯಲ್ಲ, ಅವನು ಗಂಡ. ಸ್ವಿಗ್ಗಿ, ಪಿ.ಜಿ. ಆಂಟಿ, ಬಟ್ಟೆ ಒಗೆಯುವ ಅಕ್ಕ, ಈ ಮೂರನ್ನೂ ಒಂದು ತಿಂಗಳು ತೆಗೆದುಬಿಟ್ಟರೆ ನಮ್ಮಲ್ಲಿ ಎಷ್ಟು ಜನ ಪಾಸಾಗುತ್ತೇವೆ? ಕಾಯಿಲೆ ಬಿದ್ದ ಹೆಂಗಸು ಮಾತ್ರ ಮೂರು ದಿನ ಒಲೆ ಹಚ್ಚದಿದ್ದರೆ ತವರಿಗೆ ಸಾಗಹಾಕುತ್ತಾರೆ. ಅಣ್ಣ ಜಗಲಿ ಮೇಲೆ 20 ವರ್ಷ ಕೂರಲು ಸಾಧ್ಯವಾದದ್ದು ಅವನು ಗಂಡುಮಗ ಆದ್ದರಿಂದಲೂ ಹೌದು.

ಡೇರಿ ಕೆಲಸ ಹಿಡಿತಕ್ಕೆ ಬಂದ ಮೇಲೆ ದೊಡ್ಡಮ್ಮನಿಗೆ ಹೊಸ ಭಯ ಹುಟ್ಟಿತು. "ಇವ್ನು ಡೇರಿಗೆ ಹೋಯ್ತನೆ ಅಂತ ಗೊತ್ತಾದ್ರೆ ಪಿಂಚಣಿ ನಿಲ್ಲಿಸ್ಬುಟ್ಟಾರಾ ಮಗ?"

ಅದು ದಡ್ಡ ಪ್ರಶ್ನೆ ಅಲ್ಲ. ಮಾನಸಿಕ ಕಾಯಿಲೆಯಿಂದಾಗುವ ಅಂಗವೈಕಲ್ಯ ಅಳೆಯಲು ಭಾರತೀಯ ಮನೋವೈದ್ಯರ ಸಂಘ ರೂಪಿಸಿ, 2002ರಲ್ಲಿ ಸರ್ಕಾರ ಒಪ್ಪಿಕೊಂಡ ಒಂದು ಮಾಪಕ ಇದೆ, ಐಡಿಯಾಸ್ ಅಂತ ಹೆಸರು. ನಾಲ್ಕು ವಿಷಯಗಳಿಗೆ ಅಂಕ: ತನ್ನ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ತಿಳುವಳಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4. ಇಲ್ಲಿ ಹೆಚ್ಚು ಅಂಕ ಬಂದಷ್ಟೂ ಕಷ್ಟ ಹೆಚ್ಚು. ಕಾಯಿಲೆ ಹತ್ತು ವರ್ಷ ದಾಟಿದ್ದರೆ ಅದಕ್ಕೇ ಇನ್ನೂ 4. ಒಟ್ಟು 7 ಬಂದರೆ ಶೇ. 40 ಅಂಗವೈಕಲ್ಯದ ಗೆರೆ ಮುಟ್ಟಿದ ಹಾಗೆ, ಸೌಲಭ್ಯಗಳ ಬಾಗಿಲು ತೆರೆಯೋದು ಅಲ್ಲಿಂದ. ನಾನು ಕೂತು ಕೈಲೆಕ್ಕ ಹಾಕಿದೆ. ಅಣ್ಣನಿಗೆ ವರ್ಷಗಳ ಲೆಕ್ಕಕ್ಕೇ 4. ಡೇರಿಗೆ ಹೋದರೂ ಮಾತು ಕಮ್ಮಿ, ಒಡನಾಟ ಇಲ್ಲ, ಸ್ನಾನಕ್ಕೆ ಇನ್ನೂ ಹೇಳಬೇಕು, ದುಡಿಮೆ ಅರೆಬರೆ. ಗೆರೆಯ ಮೇಲೇ ಇದ್ದಾನೆ. ಆ ಅಂಕ ಕೊಡುವವರು ಡಾಕ್ಟರುಗಳು, ನಾನಲ್ಲ. ಆದರೂ ದೊಡ್ಡಮ್ಮನಿಗೆ ಅವತ್ತಿನ ಮಟ್ಟಿಗೆ ಸಮಾಧಾನವಾಯಿತು.

ಆದರೆ ಇನ್ನೂ ಚೆನ್ನಾಗಿ ಸುಧಾರಿಸಿದವನ ಗತಿ ನೋಡಿ. ಅಂಕ 6ಕ್ಕೆ ಇಳಿದರೆ ಗೆರೆಯ ಕೆಳಗೆ. ಕಲಿತಷ್ಟೂ ಕಳೆದುಕೊಳ್ಳುವ ಭಯ ಇರುವ ಕಡೆ ಯಾವ ತಾಯಿ ಮಗನಿಗೆ ಕಲಿಸುತ್ತಾಳೆ? ಕೌಶಲ ಇದೆ ಅನ್ನೋದಕ್ಕೂ ಆಸರೆ ಬೇಡ ಅನ್ನೋದಕ್ಕೂ ನಮ್ಮ ಕಾನೂನು ಗಂಟು ಹಾಕಿದೆ. ಅಣ್ಣ ಹಾಲು ಹಾಕಿ ಬರುತ್ತಾನೆ, ಯಾಕಂದರೆ ಮನೆಯಲ್ಲಿ ಹಾಲು ಕರೆದು ಕೊಡುವವಳು ಇದ್ದಾಳೆ, ಅಲ್ಲಿ ಅವನನ್ನು ಬಲ್ಲ ಸೆಕ್ರೆಟರಿ ಇದ್ದಾನೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದನ್ನು ತಕ್ಕಮಟ್ಟಿಗೆ ಅರ್ಥ ಮಾಡಿಕೊಂಡಿದೆ. ಅದರ 19ನೇ ಕಲಂ ಪ್ರಕಾರ ಸಮಾಜದ ನಡುವೆ ಬದುಕೋದು ಹಕ್ಕು. ಕುಟುಂಬ ಇಲ್ಲ ಅಥವಾ ಕುಟುಂಬ ಕೈಬಿಟ್ಟಿದೆ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 18ನೇ ಕಲಂ ಹಾಫ್‌ವೇ ಹೋಮ್, ಆಸರೆಯ ವಸತಿ, ಮನೆಗೇ ಬರುವ ಪುನರ್ವಸತಿ ಇವನ್ನೆಲ್ಲ ಸರ್ಕಾರ ಒದಗಿಸಬೇಕಾದ ಸೇವೆಗಳ ಪಟ್ಟಿಯಲ್ಲಿ ಬರೆದಿದೆ. ಕರ್ನಾಟಕ ಸರ್ಕಾರ ಜಿಲ್ಲೆಗಳಲ್ಲಿ 'ಮಾನಸಧಾರ' ಹೆಸರಿನ ಹಗಲು ಆರೈಕೆ ಕೇಂದ್ರಗಳನ್ನು ಯೋಜಿಸಿದ್ದು ಈ ದಿಕ್ಕಿನಲ್ಲೇ. ಭೀಮನಬೀಡಿನವನು ಜಿಲ್ಲಾ ಕೇಂದ್ರಕ್ಕೆ ದಿನಾ ಹೋಗಿ ಬರಬೇಕಾದರೆ ಬಸ್ಸು ಹತ್ತೋದು, ಇಳಿಯೋದು ಮೊದಲು ಬರಬೇಕಲ್ಲ. ಅಲ್ಲಿಗೆ ಹೋಗಿ ಕಲಿಯಲು ಅಲ್ಲಿಗೆ ಹೋಗೋದೇ ಮೊದಲ ಪಾಠ.

ಅದೇ ಪಾಠ ಈಗ ನಡೆಯುತ್ತಿದೆ. ತಿಂಗಳಿಗೊಮ್ಮೆ ಮಾತ್ರೆ ತರಲು ಇಬ್ಬರೂ ಗುಂಡ್ಲುಪೇಟೆಗೆ ಹೋಗುತ್ತಾರೆ. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ದೊಡ್ಡಮ್ಮ ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತುಬಿಡುತ್ತಾಳೆ. ಅಣ್ಣನ ಟಿಕೆಟ್ ಅಣ್ಣನೇ ತಗೋಬೇಕು, ಊರಿನ ಹೆಸರು ತಾನೇ ಹೇಳಬೇಕು. ಮೊದಲ ಎರಡು ಸಲ ಸರಿಯಾದ ಚಿಲ್ಲರೆ ಎಣಿಸಿ ಕೊಟ್ಟು ಕಳಿಸಿದ್ದಳು. ಮೂರನೇ ಸಲ ಬೇಕಂತಲೇ ನೂರರ ನೋಟು ಕೊಟ್ಟಳು. ಕಂಡಕ್ಟರ್ ಎಲ್ಲರಿಗೂ ಮಾಡುವ ಹಾಗೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟು ಮುಂದೆ ಹೋದ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಅಣ್ಣ ಬಾಗಿಲ ಹತ್ತಿರ ಟಿಕೆಟ್ ಹಿಡಿದು ನಿಂತೇ ಇದ್ದ, ಬಾಯಿ ಬಿಡಲಿಲ್ಲ. ದೊಡ್ಡಮ್ಮ ಕೆಳಗೆ ನಿಂತು ಹತ್ತು ಎಣಿಸಿದಳಂತೆ, ಆಮೇಲೆ ಇನ್ನೂ ಹತ್ತು. ಕಂಡಕ್ಟರ್ ಕೊನೆಗೆ ತಿರುಗಿ ನೋಡಿ "ಏನ್ ಸಾರ್, ಚೇಂಜಾ?" ಅಂದ. ಅಣ್ಣ ಟಿಕೆಟ್ ಮುಂದೆ ಚಾಚಿ, "ಹೂಂ, ಕೊಡಿ" ಅಂದ.